ಸಂಕ್ರಾಂತಿ ಜಾರ್ತಿದೆ, ಹಿಮಯುಗ ಬರ್ತಿಲ್ಲ

ಮಾನ್ಯರೇ,

ಈ ಸಲ ಚಳಿ ಜಾಸ್ತಿನೇ ಇತ್ತು, ಒಪ್ಕೋತೀನಿ. ಲಾಲ್‌ಬಾಗಲ್ಲಿ ಬೆಳಗ್ಗೆ ವಾಕಿಂಗ್ ಬರೋ ನಮ್ಮ ಗುಂಪಲ್ಲಿ ಅರ್ಧ ಜನ ಮಂಕಿ ಕ್ಯಾಪಲ್ಲೇ ಇದ್ರು. ಅಷ್ಟರಲ್ಲಿ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಬಂತು, ಹಿಮಯುಗ ಮತ್ತೆ ಶುರುವಾಗಿದೆ, ಗ್ಲೋಬಲ್ ವಾರ್ಮಿಂಗ್ ಎಲ್ಲಾ ಬರೀ ಓಳು ಅಂತ. ಬೆಂಗಳೂರಲ್ಲಿ ದಾಖಲಾಗಿರೋ ಅತಿ ಕಮ್ಮಿ ಟೆಂಪರೇಚರ್ 7.8 ಡಿಗ್ರಿ, ಅದೂ 1884ರ ಜನವರಿ 13ನೇ ತಾರೀಕು, ಆ ರೆಕಾರ್ಡ್ ಇನ್ನೂ ಹಂಗೇ ಕೂತಿದೆ, ಸ್ವೆಟರ್ ಹಾಕ್ಕೊಂಡವರಿಗೆಲ್ಲಾ ಹಿಮಯುಗ ಕಂಡ್ರೆ ಏನ್ ಮಾಡೋದು.

ನಾನು ಬರೀತಿರೋದು ಬೇರೆ ವಿಷಯಕ್ಕೆ. ಪ್ರತಿ ಸಂಕ್ರಾಂತಿ ಮಾರನೇ ದಿನ ಪೇಪರ್‌ಗಳಲ್ಲಿ ಗವಿಪುರದ ಗುಹಾ ದೇವಸ್ಥಾನದ ಗವಿಗಂಗಾಧರೇಶ್ವರನ ಮೇಲೆ ಸಂಜೆ ಬಿಸಿಲು ಬಿದ್ದಿರೋ ಫೋಟೋ ಬರುತ್ತೆ, ಕೆಳಗೆ 'ಉತ್ತರಾಯಣ ಆರಂಭ' ಅಂತ ಇರುತ್ತೆ. ಆದ್ರೆ ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೇ ಅಲ್ವಾ? ಸುಮಾರು 1,700 ವರ್ಷದ ಹಿಂದೆ ಸಂಕ್ರಾಂತಿ, ಸೂರ್ಯ ತಿರುಗೋದು ಎರಡೂ ಒಂದೇ ದಿನ ಬರ್ತಿದ್ವು, ಆಮೇಲೆ 70 ವರ್ಷದ ಆಸುಪಾಸಿಗೆ ಒಂದೊಂದು ದಿನ ಜಾರಿ ಜಾರಿ ಈಗ 24 ದಿನ ಆಗಿದೆ. ಯಾಕಂದ್ರೆ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ್ದು, ಆದ್ರೆ ಭೂಮಿ ವಾಲಿದ ಬುಗುರಿ ಥರ ನಿಧಾನಕ್ಕೆ ತೂರಾಡುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗದವರು ಅಯನಾಂಶ ಅಂತ ಲೆಕ್ಕ ಹಾಕೋದು ಇದನ್ನೇ.

ಹಿಮಯುಗಗಳ ಕೀಲಿ ಇರೋದೂ ಇದೇ ತೂರಾಟದಲ್ಲಿ. ಜೊತೆಗೆ ಭೂಮಿಯ ವಾಲು 41,000 ವರ್ಷಕ್ಕೊಮ್ಮೆ ಹೆಚ್ಚುಕಮ್ಮಿ ಆಗುತ್ತೆ, ಸೂರ್ಯನ ಸುತ್ತ ಹೋಗೋ ದಾರಿ ಲಕ್ಷ ವರ್ಷದ ಲೆಕ್ಕದಲ್ಲಿ ಉದ್ದ ಆಗುತ್ತೆ ದುಂಡ ಆಗುತ್ತೆ, ಇದೆಲ್ಲಾ ಸೇರಿ ಉತ್ತರದ ಬೇಸಿಗೆ ಬಿಸಿಲು ಸಪ್ಪೆಯಾದಾಗ ಅಲ್ಲಿ ಚಳಿಗಾಲದ ಹಿಮ ಕರಗದೆ ವರ್ಷವರ್ಷ ಪೇರ್ಕೊಂಡು ಹೋಗುತ್ತೆ. ಹಿಮಯುಗಕ್ಕೆ ಬೇಕಾಗಿರೋದು ಭಯಂಕರ ಚಳಿಗಾಲ ಅಲ್ಲ, ಸಪ್ಪೆ ಬೇಸಿಗೆ! ಇದನ್ನ ಕೂತು ಲೆಕ್ಕ ಹಾಕಿದವರು ಸರ್ಬಿಯಾದ ಮಿಲಾಂಕೊವಿಚ್, ಮೊದಲನೇ ಮಹಾಯುದ್ಧದಲ್ಲಿ ಬುಡಾಪೆಸ್ಟಲ್ಲಿ ಬಂಧಿಯಾಗಿದ್ದಾಗಲೂ ಲೈಬ್ರರಿಯಲ್ಲಿ ಲೆಕ್ಕ ಬಿಡಲಿಲ್ಲ ಪುಣ್ಯಾತ್ಮ. 1976ರಲ್ಲಿ ಸಮುದ್ರದ ತಳದ ಕೆಸರಲ್ಲಿ, ಹಿಮ ಹೆಚ್ಚುಕಮ್ಮಿ ಆಗಿದ್ದರ ಗುರುತುಗಳಲ್ಲಿ ಅದೇ ತಾಳ ಸಿಕ್ತು.

ಇನ್ನು ಆ ಫಾರ್ವರ್ಡ್. ಭೂವಿಜ್ಞಾನಿಗಳ ಪ್ರಕಾರ ಈಗಿನ ಹಿಮಯುಗ ಶುರುವಾಗಿ 26 ಲಕ್ಷ ವರ್ಷ ಆಯ್ತು, ನಾವಿರೋದು ಅದರ ಮಧ್ಯದ ಇಂಟರ್ವಲ್ಲು, 11,700 ವರ್ಷದಿಂದ. ಸುಮಾರು 21,000 ವರ್ಷದ ಹಿಂದೆ ಹಿಮ ಜೋರಾಗಿದ್ದಾಗ ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು, ರಾಮೇಶ್ವರದಿಂದ ಲಂಕೆಗೆ ಸೇತುವೆನೇ ಬೇಡ, ನಡ್ಕೊಂಡು ಹೋಗಬಹುದಿತ್ತು. ಆಗಲೂ ನಮ್ಮ ಕಡೆ ಮಂಜುಗಡ್ಡೆ ಇರ್ಲಿಲ್ಲ, ಬರ ಇತ್ತು. ನಮ್ಮ ಐಐಎಸ್ಸಿಯ ಸುಕುಮಾರ್ ಮತ್ತವರ ಜೊತೆಗಾರರು ನೀಲಗಿರಿಯ ಜೌಗು ಮಣ್ಣನ್ನ ಪರೀಕ್ಷೆ ಮಾಡಿ, ಆಗ ಮಳೆ ಕಮ್ಮಿಯಾಗಿ ಒಣ ಹವೆಯ ಹುಲ್ಲೇ ಹಬ್ಬಿತ್ತು ಅಂತ 1993ರಲ್ಲೇ ಬರೆದಿದ್ದಾರೆ.

ಈ ಇಂಟರ್ವಲ್ ಮುಗಿದು ಹಿಮ ಮತ್ತೆ ಜೋರಾಗೋದು ಯಾವಾಗ? ಈಗ ಭೂಮಿಯ ದಾರಿ ದುಂಡಗಿದೆ, ಇನ್ನೂ ದುಂಡಾಗ್ತಿದೆ, ಹಾಗಾಗಿ ತೂರಾಟದ ಆಟ ಅಷ್ಟು ನಡೆಯಲ್ಲ, ತಾನಾಗೇ ಬಿಟ್ರೂ ಸುಮಾರು 50,000 ವರ್ಷ ಬೇಕು ಅನ್ನೋ ಲೆಕ್ಕ ಇದೆ. ನಾವೋ ಬಿಡ್ತಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಭಾಗ ಇದ್ದಿದ್ದು 420 ದಾಟಿದೆ, ಹಿಂದಿನ 8 ಲಕ್ಷ ವರ್ಷದ ಮಂಜುಗಡ್ಡೆ ದಾಖಲೆಯಲ್ಲಿ ಎಲ್ಲೂ 300ರ ಮೇಲೆ ಹೋಗಿಲ್ಲ ಅದು.

ನಮ್ಮ ಗುಂಪಿನ ಹಿರಿಯರೊಬ್ರು ಲಾಲ್‌ಬಾಗ್ ಬಂಡೆ ಹತ್ತುವಾಗ ಕೇಳಿದ್ರು, ಹಂಗಾದ್ರೆ ಭೂಮಿ ಕೊನೆಗೆ ಚಳಿಗೆ ಸಾಯಲ್ವಾ ಅಂತ. ಇಲ್ಲ ಸಾರ್, ಸೂರ್ಯ ನಿಧಾನಕ್ಕೆ ಜೋರಾಗ್ತಾ ಇದಾನೆ, ಸುಮಾರು 100 ಕೋಟಿ ವರ್ಷಕ್ಕೆ ಸಮುದ್ರ ಆರಿಹೋಗುತ್ತೆ. ನಾವು ನಿಂತಿರೋ ಈ ಬಂಡೆಗೇ 300 ಕೋಟಿ ವರ್ಷ ಅಂದೆ. ಅವರು ಮಂಡಿ ನೀವ್ಕೊಂಡು ಅಲ್ಲೇ ಕೂತ್ರು.

ಮುಂದಿನ ಸಂಕ್ರಾಂತಿಗೆ ಗವಿಪುರದ ಫೋಟೋ ಖಂಡಿತ ಹಾಕಿ, ಕೆಳಗೆ ಎರಡೇ ಎರಡು ಸಾಲು, ಹಬ್ಬ ಯಾಕೆ ಜಾರ್ತಿದೆ ಅಂತಾನೂ ಹಾಕಿ. ಎಳ್ಳುಬೆಲ್ಲ ಜನವರಿಯಲ್ಲೇ ತಿನ್ನೋಣ, ಅದಕ್ಕೇನೂ ತಕರಾರಿಲ್ಲ.

– ಓದುಗ, ಹನುಮಂತನಗರ, ಬೆಂಗಳೂರು