ಏಳನೆಯ ಪತ್ರ: ಬೀಫ್ ಪ್ಲಾಂಟ್‌ಗಳ ನೋಂದಣಿ ಬಗ್ಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಮ್ಮ ಸದಸ್ಯರಿಗೆ

ಡಿಸೆಂಬರ್ 2025

ಮಾನ್ಯರೇ,

ಇದೇ ವಿಷಯವಾಗಿ ನಿಮಗೆ ಇಂಗ್ಲಿಷಿನಲ್ಲಿ ಆರು ಸಲ ಬರೆದಿದ್ದೇನೆ. ಮೊದಲ ಐದಕ್ಕೂ ಒಂದೇ ಉತ್ತರ ಬಂತು, ಒಂದಕ್ಷರ ಆಚೀಚೆ ಇಲ್ಲ: ಕೃಷಿಯ ಬಗ್ಗೆ ನಿಮಗಿರುವ ಕಾಳಜಿಗೆ ಧನ್ಯವಾದ. ಆರನೆಯದಕ್ಕೆ ಬೇರೆ ಉತ್ತರ ಬಂತು, ಅದು ಸೋಯಾಬೀನ್ ಬಗ್ಗೆ. ಚೀನಾ ಇಷ್ಟು ಟನ್ ಕೊಳ್ಳಲು ಒಪ್ಪಿದೆ, ನಮ್ಮ ರೈತರಿಗೆ ಒಳ್ಳೆಯ ದಿನ ಬಂದಿದೆ ಎಂದು ಎರಡು ಪುಟ ಇತ್ತು. ನಾನು ಸೋಯಾಬೀನ್ ಕೇಳಿರಲಿಲ್ಲ.

ಅದಕ್ಕೇ ಏಳನೆಯದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೇಗೂ ಓದುವುದಿಲ್ಲ ಎಂದಮೇಲೆ ನನಗೆ ಸಲೀಸಾದ ಭಾಷೆಯಲ್ಲೇ ಓದದೆ ಇರಿ. ನಮ್ಮ ಕಡೆಯವರಾದರೂ ಓದಿಕೊಳ್ಳಲಿ.

ಕೇಳುವುದು ಒಂದೇ. 2025ರ ಮಾರ್ಚ್ 16ಕ್ಕೆ ನೋಂದಣಿಯ ಅವಧಿ ಮುಗಿದ ನಮ್ಮ ಬೀಫ್ ಪ್ಲಾಂಟ್‌ಗಳ ಹೆಸರನ್ನು ಚೀನಾ ಕಸ್ಟಮ್ಸ್‌ನ ಪಟ್ಟಿಗೆ ಮತ್ತೆ ಸೇರಿಸಿ. ಆ ಪಟ್ಟಿಯಲ್ಲಿ ಇಲ್ಲದ ಪ್ಲಾಂಟಿನ, ಅಂದರೆ ದನ ಕಡಿದು ಪ್ಯಾಕ್ ಮಾಡುವ ಕಾರ್ಖಾನೆಯ, ಮಾಂಸವನ್ನು ಚೀನಾ ಒಳಗೆ ಬಿಡುವುದಿಲ್ಲ. ನೀವಾಗಿ ಸೇರಿಸಲು ಬರುವುದಿಲ್ಲ, ಗೊತ್ತು. ಸೇರಿಸಬಲ್ಲವರ ಬೆನ್ನು ಹತ್ತಿ ಸೇರಿಸುವಂತೆ ಮಾಡಿ. ನಾವು ವೋಟು ಹಾಕಿದ್ದು ಅದಕ್ಕೇ.

ಹೊರದೇಶದ ಆಹಾರ ಕಾರ್ಖಾನೆಗಳು ನೋಂದಣಿ ಮಾಡಿಸಬೇಕೆನ್ನುವ ಚೀನಾದ 248ನೇ ಆದೇಶ ಏನು, ಐದು ವರ್ಷದ ನೋಂದಣಿ ಎಂದರೇನು, ರಫ್ತಾಗುವ ಮಾಂಸಕ್ಕೆ ನಮ್ಮ ಕೃಷಿ ಇಲಾಖೆ ಕೊಡುವ 9060-5 ಸರ್ಟಿಫಿಕೇಟಿಗೆ ಯಾರು ಸಹಿ ಮಾಡುತ್ತಾರೆ ಎಂದೆಲ್ಲ ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. ನೀವು ಕೃಷಿಯ ಬಗ್ಗೆ ಇಷ್ಟು ಭಾಷಣ ಮಾಡುವವರು. 2020ರಲ್ಲಿ ಅಮೆರಿಕ ಮತ್ತು ಚೀನಾದ ಮೊದಲ ಹಂತದ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು, ಆ ಮಾರ್ಚ್‌ನಲ್ಲಿ ಪ್ಲಾಂಟ್‌ಗಳ ನೋಂದಣಿ ಆಯಿತು. ಐದು ಕೂಡಿಸಿದರೆ 2025ರ ಮಾರ್ಚ್. ಈ ಲೆಕ್ಕ ನನ್ನ ಅಡಿಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿಗೂ ಗೊತ್ತಿತ್ತು.

ಮಾರ್ಚ್ 16 ಭಾನುವಾರ. ಸೋಮವಾರ ಬೆಳಿಗ್ಗೆ ನಾನು ಕಂಪ್ಯೂಟರಿನಲ್ಲಿ ಆ ಪಟ್ಟಿ ತೆರೆದಾಗ ಹಂದಿ ಪ್ಲಾಂಟ್‌ಗಳು ಊರ್ಜಿತವಾಗಿದ್ದವು, ಕೋಳಿಯವೂ ಇದ್ದವು. ಬೀಫ್ ಪ್ಲಾಂಟ್‌ಗಳ ಮುಂದೆ ಬಹುಪಾಲು ಅವಧಿ ಮುಗಿದಿದೆ ಎಂದಿತ್ತು. ಪುಟವನ್ನು ನಾಲ್ಕು ಸಲ ಹೊಸದಾಗಿ ತೆರೆದೆ. ಇಪ್ಪತ್ತು ವರ್ಷದಿಂದ ರಫ್ತಿನ ಕಾಗದಪತ್ರ ನೋಡುವವನು ನಾನು. ಪುಟ ಹೊಸದಾಗಿ ತೆರೆದರೆ ಸರಕಾರಗಳು ಮನಸ್ಸು ಬದಲಿಸುವುದಿಲ್ಲ ಎಂದು ಗೊತ್ತು. ಆದರೂ ತೆರೆದೆ.

ಆ ದಿನ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಶಾಂಘೈಗೆ ಹೊರಡಲು ಎರಡು ಕಂಟೇನರಿನಷ್ಟು ಶಾರ್ಟ್ ಪ್ಲೇಟ್, ಅಂದರೆ ದನದ ಹೊಟ್ಟೆಭಾಗದ ಕೊಬ್ಬಿನ ಮಾಂಸ, ಕಾಯುತ್ತಿತ್ತು. ಒಂದು ಕಂಟೇನರಿಗೆ ಸಾವಿರದ ಹತ್ತಿರ ಪೆಟ್ಟಿಗೆ ಹಿಡಿಯುತ್ತದೆ. ಪ್ರತಿ ಪೆಟ್ಟಿಗೆಯ ಮೇಲೂ ಚೀನೀ ಮತ್ತು ಇಂಗ್ಲಿಷ್ ಲೇಬಲ್ ಅಂಟಿಸಿ, ಬಾರ್‌ಕೋಡ್ ಸರಿನೋಡಿ, ಪ್ಯಾಲೆಟ್ ಕಟ್ಟಿ ಆಗಿತ್ತು. ಶಾಂಘೈನ ಗಿರಾಕಿ 2017ರಿಂದ ನಮ್ಮವರು. ಚೀನಾ ಅಮೆರಿಕದ ಬೀಫಿಗೆ ಬಾಗಿಲು ತೆಗೆದ ವರ್ಷವೇ ಮೊದಲ ಆರ್ಡರ್ ಕೊಟ್ಟವರು, ನನ್ನ ಮಗಳ ಮದುವೆಗೆ ಅವರ ಪದ್ಧತಿಯಂತೆ ಕೆಂಪು ಲಕೋಟೆಯಲ್ಲಿ ಮುಯ್ಯಿ ಕಳಿಸಿದವರು. ಆ ರಾತ್ರಿ ಅವರಿಂದ ಒಂದು ಧ್ವನಿ ಸಂದೇಶ ಬಂತು. ಬೈಯಲಿಲ್ಲ. ಎಷ್ಟು ದಿನ ಆಗಬಹುದು ಎಂದಷ್ಟೇ ಕೇಳಿದರು. ಎರಡು ವಾರ ಅಂದೆ. ನಿಮ್ಮನ್ನು ನಂಬಿಕೊಂಡು ಹೇಳಿದ ಮಾತದು.

ಎರಡು ವಾರ ಹೋಗಿ ಆರು ವಾರ ಆಯಿತು. ಆ ಹೊತ್ತಿಗೆ ಚೀನಾ ಮಾರ್ಚ್ ತಿಂಗಳಲ್ಲಿ ನಮ್ಮ ಮಾಲಿಗೆ ಹೊರಿಸಿದ್ದ ಶೇ. 10ರ ಹೆಚ್ಚುವರಿ ಸುಂಕದ ಮೇಲೆ ಏಪ್ರಿಲಿನಲ್ಲಿ ಇನ್ನೂ ಶೇ. 125 ಬಂದು ಕೂತಿತ್ತು. ಎರಡೂ ಕಡೆಯವರು ದಿನಕ್ಕೊಂದು ಹೇಳಿಕೆ ಕೊಡುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಕೂಸನ್ನು ಮೈನಸ್ 18 ಡಿಗ್ರಿಯಲ್ಲಿಟ್ಟು ದಿನಕ್ಕಿಷ್ಟು ಅಂತ ಬಾಡಿಗೆ ಬೇರೆ ಕಟ್ಟುತ್ತಿದ್ದೆವು.

ಕೊನೆಗೆ ಮಾಲೀಕರು ಮಾಲನ್ನು ಹ್ಯಾಂಬರ್ಗರಿಗೆ ರುಬ್ಬುವವನೊಬ್ಬನಿಗೆ ಮಾರಿದರು. ಎಷ್ಟಕ್ಕೆ ಎಂದು ಹೇಳಿದರೆ ನನಗೇ ನಾಚಿಕೆ. ಅವನ ಷರತ್ತು ಒಂದೇ: ಚೀನೀ ಲೇಬಲ್ ಇರಕೂಡದು. ಸರಿ, ಕೀಳಬೇಕು. ನಾನು, ಲೋಡಿಂಗಿನ ಗ್ವಾಟೆಮಾಲಾದ ಹುಡುಗ, ಮತ್ತೆ ಲೆಕ್ಕದ ವಿಭಾಗದ ಒಬ್ಬ ಹೆಂಗಸು, ಮೂವರು, ನಾಲ್ಕು ದಿನ. ತಣ್ಣಗಿನ ಪೆಟ್ಟಿಗೆಯ ಮೇಲಿನ ಲೇಬಲ್ ಕಿತ್ತರೆ ರಟ್ಟಿನ ಸಿಪ್ಪೆಯೂ ಜೊತೆಗೆ ಬರುತ್ತದೆ. ಹೊಸದು ಅಂಟಿಸೋಣ ಎಂದರೆ ಚಳಿಗೆ ಅಂಟು ಹಿಡಿಯುವುದಿಲ್ಲ. ಆ ಹುಡುಗ ಮನೆಯಿಂದ ಹೆಂಡತಿಯ ಹೇರ್ ಡ್ರೈಯರ್ ತಂದ. ಡಾಕ್‌ನ ಬಾಗಿಲಲ್ಲಿ ನಿಂತು ಒಂದೊಂದೇ ಪೆಟ್ಟಿಗೆಗೆ ಬಿಸಿಗಾಳಿ ಊದಿ, ಕೆರೆದು, ಒರೆಸಿ, ಅಂಟಿಸಿ, ಮತ್ತೆ ಒಳಗೆ ತಳ್ಳಿದೆವು. ಮೂರನೆಯ ದಿನ ಡ್ರೈಯರ್ ಸುಟ್ಟುಹೋಯಿತು. ನನ್ನ ಬಲಭುಜ ಅವತ್ತಿನಿಂದ ಕಿವಿಯ ಮೇಲಕ್ಕೆ ಏಳುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ಹೆಂಡತಿ ತೋಳು ಎತ್ತಿ ಕೊಡಬೇಕು.

ಇದೇ ಹೊತ್ತಿನಲ್ಲಿ ನಿಮ್ಮ ಮೂರನೆಯ ಉತ್ತರ ಬಂತು, ಕಾಳಜಿಗೆ ಧನ್ಯವಾದ.

ಜೂನ್‌ನಿಂದ ನಮಗೆ ವಾರಕ್ಕೆ ನಾಲ್ಕೇ ದಿನ ಕೆಲಸ. ಓವರ್‌ಟೈಮ್ ನಿಂತಿತು. ಮನೆ ಸಾಲದ ಕಂತು ಮಾತ್ರ ನಾಲ್ಕು ದಿನದ್ದಾಗಲಿಲ್ಲ. ಲೆಕ್ಕದ ವಿಭಾಗದ ಆ ಹೆಂಗಸನ್ನು ಆಗಸ್ಟಿನಲ್ಲಿ ಮನೆಗೆ ಕಳಿಸಿದರು. ಶಾಂಘೈಗೆ ಬೆಳಗಾಗುವ ಹೊತ್ತು ನೋಡಿಕೊಂಡು ಸಂಜೆ ಏಳರ ಮೇಲೆ ಫೋನ್ ಹಿಡಿದು ಕೂರುವುದು ನನ್ನ ಅಭ್ಯಾಸ. ಈಗ ಏಳಾದರೆ ಸುಮ್ಮನೆ ಟಿವಿ ನೋಡುತ್ತೇನೆ. ಗಿರಾಕಿ ಆಸ್ಟ್ರೇಲಿಯಾದ ಮಾಲಿಗೆ ಹೋಗಿದ್ದಾರೆ. ಕಾಳು ತಿನ್ನಿಸಿ ಕೊಬ್ಬಿಸಿದ ದನ ಅಲ್ಲೂ ಇದೆ, ಹಡಗಿನ ದಾರಿಯೂ ಹತ್ತಿರ. ಅವರನ್ನು ಹೇಗೆ ತಪ್ಪು ಅನ್ನಲಿ?

ಕೃಷಿ ಇಲಾಖೆ ಮತ್ತೆ ಮತ್ತೆ ಕೇಳಿದೆ, ಚೀನಾ ಉತ್ತರಿಸಿಲ್ಲ, ಮಾಡಿದ ಒಪ್ಪಂದಕ್ಕೇ ಅದು ತಪ್ಪಿದೆ ಎನ್ನುತ್ತೀರಿ. ಒಪ್ಪಿದೆ. ಬರೆದ ಪತ್ರಕ್ಕೆ ಉತ್ತರ ಬಾರದಿದ್ದರೆ ಹೇಗಿರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಇನ್ನು ಯಾರಿಗೆ ಗೊತ್ತು? ಆದರೆ ಅಕ್ಟೋಬರ್ 30ರಂದು ಕೊರಿಯಾದ ಬುಸಾನಿನಲ್ಲಿ ಎರಡೂ ದೇಶದ ಅಧ್ಯಕ್ಷರು ಎದುರುಬದುರು ಕೂತಿದ್ದರಲ್ಲ, ಆಗ ಕೇಳಬಹುದಿತ್ತು. ಸೋಯಾಬೀನ್ ಬಂತು, ಮಾರ್ಚ್‌ನ ಸುಂಕಕ್ಕೂ ತಡೆ ಬಂತು. ಬೀಫ್ ಪ್ಲಾಂಟಿನ ನೋಂದಣಿ ಬರಲಿಲ್ಲ. ಸುಂಕ ಇಳಿಯಿತು ಎಂದು ನೀವು ಊರಿನ ಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡಿರಿ. ನೋಂದಣಿಯೇ ಇಲ್ಲದ ಮೇಲೆ ಸುಂಕ ಎಷ್ಟಾದರೇನು ಮಾನ್ಯರೇ? ಬೀಗ ಹಾಕಿದ ಮನೆಯ ಮುಂದೆ ನಿಂತು ಚಪ್ಪಲಿ ಎಲ್ಲಿ ಬಿಡೋಣ ಎಂದು ಕೇಳಿದ ಹಾಗಾಯಿತು.

ಇನ್ನು ನಿಮ್ಮ ಕಚೇರಿಯ ಹುಡುಗ ಫೋನಿನಲ್ಲಿ ಹೇಳಿದ ಮಾತು. ದೇಶದಲ್ಲಿ ದನವೇ ಕಡಿಮೆ ಆಗಿದೆ, ಬೆಲೆ ಗಗನಕ್ಕೆ ಹೋಗಿದೆ, ಈಗ ರಫ್ತು ಯಾಕೆ ಸಾರ್ ಅಂದ. ದನ ಕಡಿಮೆ ಇರುವುದು ನಿಜ. ಈ ವರ್ಷದ ಜನವರಿ 1ರ ಎಣಿಕೆಯಲ್ಲಿ 8.67 ಕೋಟಿ, 1951ರ ನಂತರ ಇಷ್ಟು ಇಳಿದಿರಲಿಲ್ಲ. ಆದರೆ ಆ ಹುಡುಗ ಎಂದಾದರೂ ದನದ ನಾಲಿಗೆ ತಿಂದಿದ್ದಾನಾ? ಇಲ್ಲಿ ಯಾರು ತಿನ್ನುತ್ತಾರೆ? ಒಂದು ದನಕ್ಕೆ ಇರುವುದು ಒಂದೇ ನಾಲಿಗೆ, ಅದಕ್ಕೆ ಜಪಾನಿನವರು ಕೊಡುವ ಬೆಲೆ ಇಲ್ಲಿ ಕೇಳಿದರೆ ನಗುತ್ತಾರೆ. ಪಕ್ಕೆಲುಬು ಕೊರಿಯಾದವರಿಗೆ ಹಬ್ಬದೂಟ. ಶಾರ್ಟ್ ಪ್ಲೇಟನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಅನ್ನದ ಮೇಲೆ ಹಾಕಿದರೆ ಜಪಾನಿನಲ್ಲಿ ಮಧ್ಯಾಹ್ನದ ಊಟ, ಕುದಿಯುವ ಸಾರಿಗೆ ಅದ್ದಿದರೆ ಚೀನಾದಲ್ಲಿ ರಾತ್ರಿಯ ಊಟ. ಇಲ್ಲಿ ಅದನ್ನು ರುಬ್ಬುತ್ತೇವೆ. ಹಂದಿಯ ಕಾಲು, ಕಿವಿ, ಹೊಟ್ಟೆ, ಎಲ್ಲವೂ ಅದೇ ಕತೆ. ರಫ್ತಿನಿಂದ ಒಂದೊಂದು ದನದ ಮೇಲೆ 400 ಡಾಲರಿಗೂ ಹೆಚ್ಚು, ಒಂದೊಂದು ಹಂದಿಯ ಮೇಲೆ 60 ಡಾಲರಿಗೂ ಹೆಚ್ಚು ಬರುತ್ತದೆ ಎಂದು ಕಳೆದ ವರ್ಷದ ಲೆಕ್ಕ ಹೇಳುತ್ತದೆ. ನಾವು ಬಿಸಾಡುವುದಕ್ಕೆ ಏಷ್ಯಾ ದುಡ್ಡು ಕೊಡುತ್ತಿದೆ. ಆ ಹುಡುಗನಿಗೆ ಇದನ್ನು ಹೇಳಲು ಹೊರಟೆ, ಇನ್ನೊಂದು ಕರೆ ಬಂತು ಎಂದು ಹೋಲ್ಡಿನಲ್ಲಿ ಹಾಕಿದ. ಹನ್ನೊಂದು ನಿಮಿಷ ಸಂಗೀತ ಕೇಳಿ ಇಟ್ಟೆ.

ಚೀನಾ ಒಂದೇ ಅಲ್ಲವಲ್ಲ, ಕೊರಿಯಾ ಇದೆ, ಜಪಾನ್ ಇದೆ ಎನ್ನುತ್ತೀರಿ. ಇವೆ. ಕೊರಿಯಾದಲ್ಲಿ 2012ರಲ್ಲಿ ಶೇ. 40 ಇದ್ದ ಬೀಫ್ ಸುಂಕ ವರ್ಷವರ್ಷ ಇಳಿದು 2026ರ ಜನವರಿ 1ಕ್ಕೆ ಸೊನ್ನೆಯಾಗುತ್ತದೆ. ಆಸ್ಟ್ರೇಲಿಯಾದವರಿಗೆ ಆ ಸೊನ್ನೆ ಸಿಗಲು ಇನ್ನೂ ಎರಡು ವರ್ಷ ಬೇಕು. ಇಷ್ಟು ಒಳ್ಳೆಯ ಅವಕಾಶ ಕೈಯಲ್ಲಿರುವಾಗ ನಿಮ್ಮವರು ಈ ವರ್ಷ ಸಿಯೋಲ್‌ಗೆ ಹೋಗಿ ಹುಚ್ಚುಹಸು ರೋಗದ ಭಯಕ್ಕೆ 30 ತಿಂಗಳು ಮೀರಿದ ದನದ ಮಾಂಸ ಬೇಡ ಎನ್ನುವ ಅವರ ನಿಯಮವನ್ನೇ ಕೆದಕಿದರು. 2008ರಲ್ಲಿ ಅದೇ ವಿಷಯಕ್ಕೆ ಸಿಯೋಲಿನ ಬೀದಿಯಲ್ಲಿ ಜನ ಸಾಗರದಂತೆ ಮೇಣದಬತ್ತಿ ಹಿಡಿದು ನಿಂತಿದ್ದರು. ನಾವು ಮಾರುವುದೇ ಎಳೆಯ ದನ. ಇಲ್ಲದ ತೊಂದರೆಯನ್ನು ಮೈಮೇಲೆ ಎಳೆದುಕೊಳ್ಳಬೇಡಿ, ಕೊರಿಯಾವನ್ನು ಅದರ ಪಾಡಿಗೆ ಬಿಡಿ.

ಜಪಾನಿನ ಕತೆ ನಾನೇ ಕಂಡದ್ದು. ನಾನು ಕೆಲಸಕ್ಕೆ ಸೇರಿದ ಚಳಿಗಾಲ. ಅದಕ್ಕೂ ಎರಡು ವರ್ಷ ಮೊದಲು, 2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಒಂದೇ ಒಂದು ಹಸುವಿಗೆ ಹುಚ್ಚುಹಸು ರೋಗ ಸಿಕ್ಕಿ, ನಮ್ಮ ಅತಿ ದೊಡ್ಡ ಗಿರಾಕಿ ಜಪಾನ್ ಬಾಗಿಲು ಹಾಕಿತ್ತು. ಎರಡು ವರ್ಷ ಕಾದ ಮೇಲೆ 2005ರ ಡಿಸೆಂಬರ್‌ನಲ್ಲಿ ಮೆಲ್ಲಗೆ ತೆರೆಯಿತು. ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. 2006ರ ಜನವರಿ 20ಕ್ಕೆ ಮತ್ತೆ ಹಾಕಿತು. ಯಾಕೆ? ಕಳಿಸಬಾರದ ಬೆನ್ನೆಲುಬು ಇರುವ ಕರುವಿನ ಮಾಂಸ ಒಂದು ಸಾಗಣೆಯಲ್ಲಿ ಹೋಗಿತ್ತು, ಅದಕ್ಕೆ ಸರಕಾರದ್ದೇ ಸಹಿ ಬಿದ್ದಿತ್ತು. ಇಡೀ ದೇಶದ ಮಾಲು ಇನ್ನಾರು ತಿಂಗಳು ನಿಂತಿತು. ಅವರು ಕೊಳ್ಳುವ ದನದ ವಯಸ್ಸಿನ ಮಿತಿ 20 ತಿಂಗಳಿಂದ 30ಕ್ಕೆ ಏರಲು 2013 ಆಯಿತು, ಪೂರ್ತಿ ಹೋಗಲು 2019. ಮಧ್ಯೆ 2017ರಲ್ಲಿ ಪೆಸಿಫಿಕ್ ಸುತ್ತಿನ ದೇಶಗಳ ವ್ಯಾಪಾರ ಒಪ್ಪಂದವಾದ ಟಿಪಿಪಿ ಬೇಡ ಎಂದು ಎದ್ದು ಬಂದಿರಿ. ಉಳಿದವರು ಕಡಿಮೆ ಸುಂಕದಲ್ಲಿ ಮಾರುತ್ತಿದ್ದಾಗ 2019 ಇಡೀ ನಾವು ಶೇ. 38.5 ತೆತ್ತೆವು. ಶುರುವಾಗಿದ್ದು ಒಂದು ಹಸುವಿನ ರೋಗದಿಂದ. ಉಳಿದದ್ದೆಲ್ಲ ಕಾಗದದಲ್ಲಿ ಬಂದದ್ದು. ಈಗ ಚೀನಾದ್ದೂ ಕಾಗದವೇ. 2022ರಲ್ಲಿ 200 ಕೋಟಿ ಡಾಲರ್ ದಾಟಿದ್ದ ವ್ಯಾಪಾರ ಅದು.

ಒಂದು ಮನೆಯ ಮಾತು. ನಾನು ಕೊಡಗಿನವನು. ಹಂದಿ ನಮಗೆ ಮನೆಯ ಊಟ, ಕಾಚಂಪುಳಿ ಹಾಕಿದ ಪಂದಿಕರಿ ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ. ಹಂದಿ ಮಾಂಸ ಜಪಾನಿಗೆ ಕಳಿಸುತ್ತೇನೆ ಎಂದು ಅಮ್ಮನಿಗೆ ಹೆಮ್ಮೆಯಿಂದ ಹೇಳಿದ್ದೇನೆ. ದನದ ವಿಷಯ ಇಪ್ಪತ್ತು ವರ್ಷದಿಂದ ಹೇಳಿಲ್ಲ, ಶಿಪ್ಪಿಂಗ್ ಕೆಲಸ ಎಂದು ಜಾರಿಕೊಳ್ಳುತ್ತೇನೆ. 2022ರಲ್ಲಿ ಭಾರತ ನಿಮ್ಮ ಹಂದಿಗೆ ಒಪ್ಪಿ, ನೀವು ಅಲ್ಲಿಯ ಮಾವಿನಹಣ್ಣಿಗೆ ಒಪ್ಪಿದಾಗ, ವಿರಾಜಪೇಟೆಗೂ ಕಂಟೇನರ್ ಬಿಡುತ್ತೀಯಾ ಎಂದು ತಮ್ಮ ಫೋನಿನಲ್ಲಿ ನಕ್ಕ. ಮಾವು ಬಂತು, ತಿಂದೆವು. ನಮ್ಮೂರಿನವರಿಗೆ ನಿಮ್ಮ ಹಂದಿ ಬೇಕಾಗಿಲ್ಲ, ಅವರದೇ ಇದೆ. ಹೇಳಬೇಕಾದ್ದು ಏನೆಂದರೆ, ಅಮ್ಮನಿಗೂ ಹೇಳದೆ ಮಾಡಿಕೊಂಡು ಬಂದ ಕೆಲಸ ಇದು. ನಿಮ್ಮ ಸೋಮಾರಿತನಕ್ಕೆ ಹೋಗುವುದು ಬೇಡ.

ಸೋಮಾರಿತನ ಎಂದದ್ದಕ್ಕೆ ಕ್ಷಮಿಸಿ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಹಂದಿ ಪ್ಲಾಂಟ್‌ಗಳ ನೋಂದಣಿ ಮುಂದುವರಿದಿದೆ ಎಂದು ನೀವು ನೆಮ್ಮದಿಯಾಗಿರುವುದು ಬೇಡ. ಅದೂ ಚೀನಾದವರ ಕೈಯಲ್ಲೇ ಇರುವ ಪಟ್ಟಿ. ತೈವಾನಿನಲ್ಲಿ 2020ರ ನವೆಂಬರ್‌ನಲ್ಲಿ ಮಾಂಸ ಹೆಚ್ಚಲೆಂದು ಮೇವಿಗೆ ಬೆರೆಸುವ ರ್ಯಾಕ್ಟೋಪಮೈನ್ ಔಷಧಿ ತಿಂದ ನಮ್ಮ ಹಂದಿಯ ವಿಷಯಕ್ಕೆ ಸದನದೊಳಗೇ ಹಂದಿಕರುಳು ಎಸೆದಾಡಿದರು, ನೆನಪಿದೆಯಾ? ನಾವು ಮಾರುವುದನ್ನು ಕೊಳ್ಳುವವರು ಅಷ್ಟು ಮನಸ್ಸಿಟ್ಟು ನೋಡುತ್ತಾರೆ. ನೀವು ಕ್ಯಾಲೆಂಡರನ್ನಾದರೂ ನೋಡಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇನ್ನೊಮ್ಮೆ ಆಗಬಾರದು.

ಮತ್ತೆ ಹೇಳುತ್ತೇನೆ: ಬೀಫ್ ಪ್ಲಾಂಟ್‌ಗಳ ನೋಂದಣಿ ನವೀಕರಿಸುವಂತೆ ಮಾಡಿ. ಮುಂದಿನ ಸಲ ಬೀಜಿಂಗ್‌ನವರ ಎದುರು ಕೂತಾಗ ಸೋಯಾಬೀನಿಗಿಂತ ಮೊದಲು ಇದನ್ನು ಎತ್ತಿಸಿ. ಮೊದಲು ಆಗದಿದ್ದರೆ ಜೊತೆಗೆ. ಜೊತೆಗೂ ಆಗದಿದ್ದರೆ ಕೊನೆಗಾದರೂ.

ಕಿತ್ತ ಲೇಬಲ್‌ಗಳಲ್ಲಿ ಒಂದು ನನ್ನ ಜಾಕೆಟಿನ ಜೇಬಿನಲ್ಲಿ ಉಳಿದಿತ್ತು. ಅದನ್ನು ಈ ಪತ್ರಕ್ಕೆ ಪಿನ್ ಮಾಡಿ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ರಟ್ಟಿನ ಸಿಪ್ಪೆ ಅಂಟಿಕೊಂಡಿದೆ, ಒಂದು ಮೂಲೆ ಡ್ರೈಯರ್ ಬಿಸಿಗೆ ಕಂದಿದೆ, ಆದರೆ ಪ್ಲಾಂಟ್ ನಂಬರ್ ಓದಲು ಬರುತ್ತದೆ. ನಂಬರಿಗೆ ಕನ್ನಡ ಬೇಕಾಗಿಲ್ಲ. ಆ ನಂಬರನ್ನು ಪಟ್ಟಿಗೆ ಸೇರಿಸುವಂತೆ ಮಾಡಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ

ವಿ.ಸೂ.: ದಯವಿಟ್ಟು ಸೋಯಾಬೀನ್ ಬಗ್ಗೆ ಉತ್ತರ ಬರೆಯಬೇಡಿ.