ಹತ್ತು ಗಂಟೆಗೆ ಮೈಕ್ ನಿಲ್ಲಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಆರು ಗಣೇಶನ ಹಬ್ಬಗಳನ್ನು ಹಲ್ಲು ಕಚ್ಚಿ ಕಳೆದೆ. ಏಳನೆಯದಕ್ಕೆ ಈ ಪತ್ರ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ 2000ದ ನಿಯಮ ತಮಗೆ ನಾನು ಹೇಳಿಕೊಡಬೇಕಾದ್ದಲ್ಲ. ಹಬ್ಬಹರಿದಿನಕ್ಕೆಂದು ಸರ್ಕಾರ ವರ್ಷಕ್ಕೆ 15 ದಿನ ವಿನಾಯಿತಿ ಕೊಡಬಹುದು, ಅದೂ 12 ಗಂಟೆಯವರೆಗೆ. ಆಸ್ಪತ್ರೆಯ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಿದ್ದರೆ ಅಲ್ಲಿ ಅದೂ ಇಲ್ಲ. ನಮ್ಮ ಪೆಂಡಾಲಿನಿಂದ ನರ್ಸಿಂಗ್ ಹೋಮಿನ ಗೇಟಿಗೆ ನಲವತ್ತು ಹೆಜ್ಜೆ.

ಆದರೆ ಬಡಾವಣೆಯಲ್ಲಿ ನಡೆಯುವ ಕಾನೂನೇ ಬೇರೆ. ಯಾರಾದರೂ ಸತ್ತರೆ ಮೈಕ್ ನಿಲ್ಲುತ್ತದೆ, ಹೆಣ ಎತ್ತುವವರೆಗೆ. ಸಾಯುವ ಹಂತದಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಆಂಬುಲೆನ್ಸ್ ಬಂದರೆ ಕುಣಿಯುವವರು ದಾರಿ ಬಿಡುತ್ತಾರೆ, ಸದ್ದು ಇಳಿಸುವುದಿಲ್ಲ. ತಮ್ಮ ಕಾರು ಬಂದರೆ ಮಾತ್ರ ಪೂರ್ತಿ ಬಂದ್, ಭಾಷಣ ಕೇಳಬೇಕಲ್ಲ. ಗಣೇಶ ಮುಗಿದರೆ ರಾಜ್ಯೋತ್ಸವ, ಅದು ಡಿಸೆಂಬರಿನವರೆಗೂ ಎಳೆಯುತ್ತದೆ. (ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು, ದಯವಿಟ್ಟು ದ್ರೋಹಿ ಅನ್ನಬೇಡಿ.)

ಕಳೆದ ಸಲ ಐದನೇ ದಿನ. ನನ್ನ ಹೆಂಡತಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಮನೆಗೆ ಕರೆತಂದು ಮೂರು ದಿನವಾಗಿತ್ತು. ರಾತ್ರಿ ಹನ್ನೊಂದೂವರೆ. ಡಿಜೆ ಬಡಿತಕ್ಕೆ ಕಿಟಕಿಯ ಗಾಜು, ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಇದು ನಂದಾ, ಅವರದಾ?" ಅಂದಳು. 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದರು, ಸದ್ದು ನಿಂತಿತು, ಪ್ರಸಾದ ತೆಗೆದುಕೊಂಡು ಹೋದರು. ಜೀಪು ತಿರುವು ದಾಟುವಷ್ಟರಲ್ಲಿ ಮೈಕಿನಲ್ಲಿ, "ಮುಂದಿನ ಹಾಡು, ಕಂಪ್ಲೇಂಟ್ ಕೊಟ್ಟ ಮೇಷ್ಟ್ರಿಗೋಸ್ಕರ!" ಕೂಗಿದವನು ನನ್ನ ಹಳೆಯ ಶಿಷ್ಯ. ಉಚ್ಚಾರಣೆ ಸ್ಪಷ್ಟವಾಗಿತ್ತು, ಅದೊಂದೇ ಸಮಾಧಾನ.

ಆ ಪೆಂಡಾಲಿನ ಫ್ಲೆಕ್ಸಿನಲ್ಲಿ ಗಣಪನಿಗಿಂತ ದೊಡ್ಡದಾಗಿ ಕೈಮುಗಿದು ನಿಂತವರು ನೀವು. ಪರ್ಮಿಷನ್ ಯಾರು ಕೊಟ್ಟರೆಂದು ಕೇಳಿದರೆ ಎಲ್ಲರೂ ಅತ್ತಲೇ ಬೆರಳು ತೋರಿಸುತ್ತಾರೆ. ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ಹಬ್ಬ ಮಾಡಲಿ, ತಮಟೆ ಬಡಿಯಲಿ, ಕುಣಿಯಲಿ. ಹತ್ತು ಗಂಟೆಗೆ ನಿಲ್ಲಿಸಲಿ. ಶಾಂತಿ ಸಭೆ ಬೇಡ, ಸಮಿತಿ ಬೇಡ, ಒಂದು ಫೋನ್ ಸಾಕು: ಹತ್ತು ಗಂಟೆಗೆ ನಿಲ್ಲಿಸ್ರಪ್ಪಾ ಅಂತ. ನೀವು ಹೇಳಿದರೆ ಕೇಳುತ್ತಾರೆ, ನಿಮ್ಮ ಕಾರು ಕಂಡರೇ ನಿಲ್ಲಿಸುವವರು.

ಹಬ್ಬಕ್ಕೆ ಇನ್ನು ಹದಿನೆಂಟು ದಿನ. ಚಂದಾ ಕೇಳಲು ಹುಡುಗರು ನಿನ್ನೆಯೇ ಬಂದಿದ್ದರು. ಕೊಟ್ಟು ಕಳಿಸಿದ್ದೇನೆ.

ಇತಿ ತಮ್ಮ ಮತದಾರ,
ಮೂರನೇ ಅಡ್ಡರಸ್ತೆಯ ನಿವೃತ್ತ ಮೇಷ್ಟ್ರು