ಚುರುಕು ಮಕ್ಕಳಿಗೆ ಭಾನುವಾರ ಲ್ಯಾಬ್ ತೆರೆಯಿರಿ

ಮಾನ್ಯ ಸಂಪಾದಕರೇ,

ವಿಜ್ಞಾನದಲ್ಲಿ ತುಂಬ ಚುರುಕಾದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಕೆಲಸ ಎರಡೇ. ಹಿಂದುಳಿದವರಿಗೆ ಹೇಳಿಕೊಡುವುದು, ಇಲ್ಲವೇ ಮುಂದಿನ ವರ್ಷದ ಪಾಠವನ್ನು ಈಗಲೇ ಓದುವುದು. ಎರಡರಲ್ಲೂ ಅವರ ಪ್ರಶ್ನೆಗೆ ಜಾಗವಿಲ್ಲ.

ಲೋಲಕವನ್ನೇ ನೋಡಿ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟರೆ, ಅದು ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಕಲ್ಲಿನ ತೂಕ ಬದಲಿಸಿದರೂ ಅಷ್ಟೇ. ಕ್ಲಾಸಿನಲ್ಲಿ ಎಲ್ಲರೂ ಬರೆದುಕೊಳ್ಳುತ್ತಾರೆ. ಒಬ್ಬಳು ಮಾತ್ರ, ‘ಮಿಸ್, ಜಾಸ್ತಿ ದೂರ ಎಳೆದು ಬಿಟ್ಟರೂ ಅಷ್ಟೇನಾ?’ ಎಂದು ಕೇಳುತ್ತಾಳೆ. ಎಂಥ ಒಳ್ಳೆಯ ಪ್ರಶ್ನೆ! ಪುಸ್ತಕದ ಸೂತ್ರ ಸಣ್ಣ ತೂಗಾಟಕ್ಕೆ ಮಾತ್ರ ಸರಿ. 60 ಡಿಗ್ರಿ ಎಳೆದು ಬಿಟ್ಟರೆ ಸಮಯ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹತ್ತು ಸಲ ತೂಗಿದರೆ ಒಂದು ಸೆಕೆಂಡಿಗೂ ಮೇಲೆ ವ್ಯತ್ಯಾಸ, ಮೊಬೈಲ್ ಸ್ಟಾಪ್‌ವಾಚಿನಲ್ಲೇ ಸಿಕ್ಕಿಬಿಡುತ್ತದೆ. ಆ ಹುಡುಗಿ ಅದನ್ನು ತಾನೇ ಅಳೆದು ಕಂಡುಕೊಳ್ಳಬೇಕು. ಆದರೆ ಎಸ್ಸೆಸ್ಸೆಲ್ಸಿ ಪಾಠ ಮುಗಿಸುವ ಧಾವಂತದಲ್ಲಿ ಅರ್ಧ ಗಂಟೆ ಬಿಡುವು ಎಲ್ಲಿದೆ?

ಇಂಥ ಮಕ್ಕಳನ್ನು ಗುರುತಿಸುವ ದಾರಿಗಳೂ ಕಡಿಮೆಯಾಗಿವೆ. ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲು 1963ರಲ್ಲಿ ಶುರುವಾದ ರಾಷ್ಟ್ರ ಮಟ್ಟದ ಎನ್‌ಟಿಎಸ್‌ಇ ಪರೀಕ್ಷೆ 2021ರ ನಂತರ ನಿಂತಿತು. ಬೆಂಗಳೂರಿನ ಐಐಎಸ್‌ಸಿ ನಡೆಸುತ್ತಿದ್ದ ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನ ಪರೀಕ್ಷೆ 1999ರಿಂದ ಇತ್ತು. ಅದನ್ನು 2022ರಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಗೆ ಸೇರಿಸಿದರು. ಇನ್‌ಸ್ಪೈರ್ ವಿದ್ಯಾರ್ಥಿವೇತನ ಮುಖ್ಯವಾಗಿ ನೋಡುವುದು ಹನ್ನೆರಡನೇ ತರಗತಿಯ ಅಂಕ ಇಲ್ಲವೇ ಪ್ರವೇಶ ಪರೀಕ್ಷೆಯ ರ‍್ಯಾಂಕು. ಕೋಚಿಂಗ್‌ಗೆ ದುಡ್ಡು ಕಟ್ಟಲಾಗದ ಮನೆಯ ಮಗುವಿಗೆ ಇದರಿಂದ ನಷ್ಟ, ಅಲ್ವಾ? ಹಿಂದಿನ ಪರೀಕ್ಷೆಗಳಿಗೂ ಕೋಚಿಂಗ್ ಇತ್ತು ನಿಜ. ಆದರೂ ಹಳ್ಳಿಯ ಶಿಕ್ಷಕರು ‘ಇದನ್ನು ಬರಿ’ ಎಂದು ಮಗುವಿಗೆ ಹೇಳಲು ಒಂದು ಪರೀಕ್ಷೆಯಾದರೂ ಇತ್ತು.

ದೆಹಲಿಯ ತೀರ್ಮಾನಕ್ಕೆ ಕಾಯಬೇಕಿಲ್ಲ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಪಿಯು ಕಾಲೇಜುಗಳ ಲ್ಯಾಬ್‌ಗಳು ಭಾನುವಾರ ಬೀಗ ಹಾಕಿರುತ್ತವೆ. ತಿಂಗಳಿಗೆ ಎರಡು ಭಾನುವಾರ ಅವನ್ನು ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ತೆರೆಯಲಿ. ಅಂಕ ನೋಡಿ ಆರಿಸುವುದು ಬೇಡ, ಪ್ರಶ್ನೆ ಕೇಳುವ ಮಕ್ಕಳನ್ನು ಶಿಕ್ಷಕರೇ ಕಳಿಸಲಿ. ನಿವೃತ್ತ ಉಪನ್ಯಾಸಕರಲ್ಲಿ ಖುಷಿಯಿಂದ ಬರುವವರಿದ್ದಾರೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಐಐಎಸ್‌ಸಿಯ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಅಲ್ಲಿ ಕಲಿತು ಬಂದವರನ್ನೇ ಮೊದಲು ಈ ಕೆಲಸಕ್ಕೆ ಹಚ್ಚಬಹುದು. ಮಾತುಕತೆ ಕನ್ನಡದಲ್ಲೇ ನಡೆಯಲಿ. ಬರುವ ಮಕ್ಕಳಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡಲಿ. ಶಿಕ್ಷಣ ಇಲಾಖೆ ಬರುವ ಜೂನ್‌ನಿಂದಲೇ ಕೆಲವು ತಾಲ್ಲೂಕುಗಳಲ್ಲಿ ಇದನ್ನು ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಹಿರಿಯೂರು